ಮೂರು ಕಾಲಿನ ಹೆಲುನಾ

ಹನ್ನೊಂದು ಟೊಪ್ಪಿ ಎಣಿಸುವುದು ನನ್ನ ಕೆಲಸ.
ಗೇಟಿನ ಬಳಿ ಒಮ್ಮೆ, ಕೆರೆಯ ತಿರುವಿನಲ್ಲಿ ಒಮ್ಮೆ,
ಸ್ಪ್ರೂಸ್ ಮರಗಳು ಒತ್ತೊತ್ತಾಗಿ ಬೆಳಕು ಕುಗ್ಗುವಲ್ಲಿ
ಎರಡೆರಡು ಬಾರಿ.
ಕಾಯಾನಿಯ ಅಕ್ಟೋಬರು. ಬಿಟ್ಟ ಉಸಿರು ಕಣ್ಣಿಗೆ ಕಾಣುತ್ತದೆ.
ಮಕ್ಕಳು ಅದನ್ನೂ ಬಿಟ್ಟಿಲ್ಲ,
ಹೊಗೆ ಉಗುಳುವ ರೈಲಾಗಿ ನಡೆಯುತ್ತಾರೆ.

ಇಲ್ಲಿ ಆಟಿಕೆಯ ಡಬ್ಬ ಇಲ್ಲ. ನೆಲವೇ ಡಬ್ಬ,
ಮುಚ್ಚಳವನ್ನು ಯಾರೋ ಎಂದೋ ಕಳೆದುಬಿಟ್ಟಿದ್ದಾರೆ.
ಉದ್ದನೆಯ ಸ್ಪ್ರೂಸ್ ಕಾಯಿ ಸಿಕ್ಕರೆ ಹಸು,
ಗುಂಡನೆಯ ಪೈನ್ ಕಾಯಿ ಕುರಿ.
ಯಾರೂ ಕಲಿಸದೆ ಊರಿಗೆಲ್ಲ ಗೊತ್ತಿರುವ ಕಾನೂನು ಇದು.
ನಾಲ್ಕು ಕಡ್ಡಿ ಚುಚ್ಚಿದರೆ ಎದ್ದು ನಿಲ್ಲುತ್ತದೆ.
ನಿಲ್ಲದಿದ್ದರೆ ಒಂದು ಕಾಲನ್ನು ಚೂರು ಮುರಿಯಬೇಕು,
ಆಮೇಲೆ ಇನ್ನೊಂದನ್ನು, ಆಮೇಲೆ ಮತ್ತೊಂದನ್ನು.
ಹೀಗೆ ಸರಿಮಾಡುತ್ತಾ ಮಾಡುತ್ತಾ
ಕಾಲೇ ಇಲ್ಲದ ಹಸುವನ್ನು ಹಿಡಿದು
ವಿಲ್ಯಾ ಅಳುತ್ತಿದ್ದಾಳೆ.

"ಮಲಗಿದೆ ಅಷ್ಟೇ," ಎಂದ ತೊಯ್ಮಿ,
"ಮೆಲುಕು ಹಾಕ್ತಿದೆ, ಎಬ್ಬಿಸಬೇಡ."
ಅಳು ನಿಂತಿತು.

ಪಾಚಿಯ ಹುಲ್ಲುಗಾವಲು. ಬರ್ಚ್ ತೊಗಟೆಯ ಗೇಟು.
ಬೂದು ಕಲ್ಲುಹೂವನ್ನು ಕಿತ್ತು ಬಣವೆ ಒಟ್ಟಿದರು.
ಒಂದು ಹಸುವಿಗೆ ರೋವನ್ ಹಣ್ಣು ಮೂರು ಎಂದು ಬೆಲೆ ಕಟ್ಟಿದ ಕಾರ್ಲೋ
ಗಳಿಗೆಯಲ್ಲಿ ಸಾಹುಕಾರನಾಗಿ,
ಹಣವನ್ನೆಲ್ಲ ಬಾಯಿಗೆ ಹಾಕಿಕೊಂಡು
ಕಹಿ ಎಂದು ಉಗಿದು ದಿವಾಳಿಯಾದ.

ವಿಲ್ಯಾಳ ಮುತ್ತಜ್ಜಿ ಹಿಲ್ಕಾ ಆ ದಿನ ಜೊತೆಗೆ ಬಂದಿದ್ದರು.
ಬಿದ್ದ ಮರದ ಮೇಲೆ ಕೂತು, ಅಳಿಲು ಕೆಡವಿದ
ಹಸಿ ಕಾಯೊಂದನ್ನು ಆಯ್ದು, ಚಾಕು ತೆಗೆದು,
ಕಾಲು ಚುಚ್ಚಿದರು. ಒಂದು. ಎರಡು. ಮೂರು.
ಅಲ್ಲಿಗೆ ಚಾಕು ಮಡಿಸಿದರು.

"ಇನ್ನೊಂದು?"
"ಇಷ್ಟೇ. ಇದು ಹೆಲುನಾ.
ಯುದ್ಧದ ವರ್ಷ ಮನೆ ಬಿಟ್ಟು ಹೊರಟಾಗ
ಹನ್ನೆರಡು ದಿನ ನಮ್ಮ ಜೊತೆ ನಡೀತು.
ಒಂದು ಕಾಲು ಊರುತ್ತಿರಲಿಲ್ಲ."
"ಬಂತಾ?" ತೊಯ್ಮಿ ಕೇಳಿದ. "ಇಲ್ಲೀ ತನಕ ಬಂತಾ?"
"ಕೈಗವಸು ಎಲ್ಲೋ ನಿಂದು? ನೋಡು, ಬೆರಳು ಹೇಗೆ ಕೆಂಪಗಾಗಿದೆ."
ಹೆಲುನಾಳನ್ನು ಬೇಲಿಗೆ ಒರಗಿಸಿ ನಿಲ್ಲಿಸಿದರು.

ರಾತ್ರಿಯಿಡೀ ಮಳೆ.
ಬೆಳಿಗ್ಗೆ ಹೋಗಿ ನೋಡಿದರೆ, ನಿನ್ನೆ ಅರಳಿಕೊಂಡಿದ್ದ ಕಾಯಿಗಳೆಲ್ಲ
ಪಕಳೆ ಬಿಗಿದು ಸಣ್ಣಗಾಗಿದ್ದವು,
ಕೋಟಿನ ಗುಂಡಿ ಕೊರಳತನಕ ಹಾಕಿಕೊಂಡ ಮುದುಕರ ಹಾಗೆ.
"ಚಳಿ ಹಿಡಿದಿದೆ," ಎಂದಳು ವಿಲ್ಯಾ.
ಮಂದೆಯನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು ಬಂದು
ಗುಡಿಸಲಿನ ಒಲೆಯ ಪಕ್ಕ ಸಾಲಾಗಿ ಕಟ್ಟಿದರು.

ಮಧ್ಯಾಹ್ನ, ಎಲ್ಲರೂ ಮಲಗಬೇಕಾದ ಹೊತ್ತು,
ಟಿಕ್.
ಯಾರೋ ಉಗುರು ಕಡಿದಂತೆ. ಮತ್ತೆ ಟಿಕ್.
ಹನ್ನೊಂದು ತಲೆಗಳು ಕಂಬಳಿಯಿಂದ ಮೇಲೆದ್ದವು.
ಹೆಲುನಾಳ ಹೊಟ್ಟೆ ಬಿರಿದು
ಬಿಳಿ ಬಟ್ಟೆಯ ಮೇಲೆ ಕಂದು ಬೀಜಗಳು,
ಒಂದೊಂದಕ್ಕೂ ಒಂದೊಂದೇ ರೆಕ್ಕೆ.
"ಕರು ಹಾಕಿದೆ!"
ಎಣಿಸುವವಳು ನಾನಲ್ಲವೆ, ಎಣಿಸಿದೆ.
ನಲವತ್ತೆರಡಕ್ಕೆ ಯಾರೋ ಸೀನಿದರು,
ಮತ್ತೆ ಮೊದಲಿಂದ.

ಹಿಲ್ಕಾ ಅವರಿಗೆ ಫೋನು ಮಾಡಲೇಬೇಕೆಂದು ಹಟ.
ಹನ್ನೊಂದು ಬಾಯಿ ಒಟ್ಟಿಗೆ ಹೇಳಿದ್ದು
ಅವರಿಗೆ ಏನು ಕೇಳಿಸಿತೋ.
ಆಚೆ ಕಡೆ ತುಂಬ ಹೊತ್ತು ಮಾತಿಲ್ಲ,
ಗಡಿಯಾರದ ಸದ್ದು ಮಾತ್ರ.
ಆಮೇಲೆ:
"ಗಿಣ್ಣು ಒಲೆಗಿಟ್ಟಿರಾ?"
ಇಲ್ಲ ಎಂದೆ.
"ಕರು ಹಾಕಿ ಇಷ್ಟು ಹೊತ್ತಾಯಿತು, ಫೋನು ಹಿಡಿದು ಕೂತಿದ್ದೀರಾ?
ಮೊದಲು ಆ ಕೆಲಸ ನೋಡಿ." ಇಟ್ಟುಬಿಟ್ಟರು.

ಹೊರಗೆ ಬಂದರೆ ವರ್ಷದ ಮೊದಲ ಹಿಮ,
ಬೀಳಲೋ ಬೇಡವೋ ಎಂಬಂತೆ.
ಮಕ್ಕಳು ಅಂಗಳಕ್ಕೆ ಚೆಲ್ಲಿಕೊಂಡರು.
ಅಭ್ಯಾಸ, ಟೊಪ್ಪಿ ಎಣಿಸಿದೆ. ಹತ್ತು.
ಎದೆ ಧಸಕ್ಕೆಂದಿತು, ಮತ್ತೆ ಎಣಿಸಿದೆ. ಹತ್ತೇ.
ಹನ್ನೊಂದನೆಯದನ್ನು ತೊಯ್ಮಿ
ಎರಡೂ ಕೈಯಲ್ಲಿ ಬೋಗುಣಿಯ ಹಾಗೆ ಹಿಡಿದು
ಆಕಾಶದ ಕೆಳಗೆ ಅಲುಗಾಡದೆ ನಿಂತಿದ್ದ,
ಗಿಣ್ಣಿಗೆ.